ಮೂರು ದಿನದ ಮುಂಬೈಗೆ ಹತ್ತೊಂಬತ್ತು ಜಾಗ ಬೇಡ

ಪ್ರಶ್ನೆ: ನಾನು ಬಾಗಲಕೋಟೆ ಹತ್ತಿರದ ಊರೊಂದರಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮದುವೆಯಾಗಿ 21 ವರ್ಷ ಆಯಿತು. ನಾನು, ನಮ್ಮ ಮನೆಯವರು ಇಬ್ಬರೇ ಅಂತ ಎಲ್ಲಿಗೂ ಹೋದದ್ದಿಲ್ಲ. ಈ ಡಿಸೆಂಬರಿನಲ್ಲಿ ಮೂರು ದಿನ ಮುಂಬೈಗೆ ಹೊರಟಿದ್ದೇವೆ. ರೈಲಿನ ಟಿಕೆಟ್ ಆಗಿದೆ. ಶುಕ್ರವಾರ ಬೆಳಗ್ಗೆ ಸಿಎಸ್‌ಎಂಟಿಯಲ್ಲಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಸ್ಟೇಷನ್) ಇಳಿದು, ಭಾನುವಾರ ರಾತ್ರಿ ಅಲ್ಲಿಂದಲೇ ವಾಪಸ್. ನೋಡಬೇಕಾದ ಜಾಗ ಅಂತ 19 ಬರೆದುಕೊಂಡಿದ್ದೇವೆ. ನನಗೆ ಸಮುದ್ರ ಮತ್ತು ಎಲಿಫೆಂಟಾ ದ್ವೀಪದ ಗುಹೆಗಳು ಬೇಕು. ಅವರಿಗೆ ಸಿದ್ಧಿವಿನಾಯಕ, ಸಿನಿಮಾ ನಟರ ಮನೆಗಳು, ಲೋನಾವಳ, ಸಾಧ್ಯವಾದರೆ ಶಿರಡಿಯೂ ಬೇಕು. ಪಟ್ಟಿ ಮಾಡುವಾಗಲೇ ಎರಡು ಸಲ ಮಾತಿಗೆ ಮಾತು ಬೆಳೆದಿದೆ. ನನಗೆ ಮೊಣಕಾಲು ನೋವು. ಲೋಕಲ್ ರೈಲಿನ ಗದ್ದಲ ನೆನೆಸಿಕೊಂಡರೆ ಭಯ. ಇಬ್ಬರೂ ಶಾಕಾಹಾರಿಗಳು. ಪಿಯುಸಿ ಓದುವ ಮಗಳು ತಾನೂ ಬರುತ್ತೇನೆ ಅನ್ನುತ್ತಿದ್ದಾಳೆ. ಕರೆದುಕೊಂಡು ಬರಲೋ, ಬೇಡವೋ ತಿಳಿಯುತ್ತಿಲ್ಲ.

ಉತ್ತರ: ಅಕ್ಕೋರೇ, ಮೊದಲು ಆ ಪಟ್ಟಿಯಿಂದ ಮೂರು ಹೆಸರು ಈಗಲೇ ಹೊಡೆದು ಹಾಕಿ. ಶಿರಡಿ ಮುಂಬೈಯಿಂದ ಸುಮಾರು 240 ಕಿಲೋಮೀಟರ್ ದೂರ. ಹೋಗಿ ಬರಲು ಒಂದು ಪೂರ್ತಿ ದಿನ ಬೇಕು, ಆ ದಿನವೂ ರಸ್ತೆಯಲ್ಲೇ ಕಳೆಯುತ್ತದೆ. ಲೋನಾವಳ ಘಟ್ಟದ ಮೇಲಿನ ಊರು. ಅದರ ಚೆಂದ ಇರುವುದು ಮಳೆಗಾಲದಲ್ಲಿ. ನಟರ ಮನೆ ಅಂದರೆ ನಿಮಗೆ ಕಾಣುವುದು ಎತ್ತರದ ಗೇಟು, ಅದರ ಮುಂದೆ ಫೋಟೋ ತೆಗೆಸಿಕೊಳ್ಳುವ ಜನ, ಅಷ್ಟೇ. ಅದಕ್ಕಾಗಿ ಬಾಂದ್ರಾ, ಜುಹು ಅಂತ ಟ್ರಾಫಿಕ್‌ನಲ್ಲಿ ಅರ್ಧ ದಿನ ಕೂರುವುದು ಬೇಡ. ಮನೆಯವರಿಗೆ ಬೇಸರ ಆಗಬಹುದು. ಅವರಿಗೆ ಬದಲಿಗೆ ಏನು ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಾನು ಧಾರವಾಡದವನು. ಮುಂಬೈಗೆ ಬಂದು 28 ವರ್ಷ ಆಯಿತು. ನಮ್ಮ ಕಡೆಯಿಂದ ಬರುವವರಿಗೆ ಊರು ತೋರಿಸುವುದೇ ನನ್ನ ಕೆಲಸ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಗೊತ್ತಾದದ್ದು ಒಂದೇ. ಮುಂಬೈಗೆ ಬಂದ ಗಂಡ ಹೆಂಡತಿ ದಣಿಯುವುದು ನೋಡಿ ನೋಡಿ ಅಲ್ಲ, ಒಂದು ಜಾಗದಿಂದ ಇನ್ನೊಂದಕ್ಕೆ ಓಡಿ ಓಡಿ. ದಣಿದ ಮೇಲೆ ಇಬ್ಬರ ನಡುವೆ ಮಾತೇ ಇರುವುದಿಲ್ಲ. ಇದ್ದರೆ ಅದು "ನಾನು ಆಗಲೇ ಹೇಳಿದ್ದೆ" ಅನ್ನುವ ಮಾತು.

ಯಾಕೆ ಹೀಗಾಗುತ್ತದೆ ಅಂತ ಮ್ಯಾಪ್ ತೆಗೆದು ನೋಡಿ. ಮುಂಬೈ ಬೆಂಗಳೂರಿನ ಹಾಗೆ ನಾಲ್ಕೂ ದಿಕ್ಕಿಗೆ ಹರಡಿದ ಊರಲ್ಲ. ಏಳು ದ್ವೀಪ ಕೂಡಿಸಿ ಮಾಡಿದ ಉದ್ದನೆಯ ಪಟ್ಟಿ ಇದು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಬಂದರು. ದಕ್ಷಿಣದ ಚರ್ಚ್‌ಗೇಟಿನಿಂದ ಉತ್ತರದ ವಿರಾರ್ ತನಕ ರೈಲಿನಲ್ಲೇ 60 ಕಿಲೋಮೀಟರ್. ಬೆಳಗ್ಗೆ ಇಡೀ ಊರು ತೆಂಕಕ್ಕೆ ಇಳಿಯುತ್ತದೆ, ಸಂಜೆ ಇಡೀ ಊರು ಬಡಗಕ್ಕೆ ಏರುತ್ತದೆ. ಆ ಹರಿವಿಗೆ ಸಿಕ್ಕಿಕೊಂಡರೆ ಊರಿಗೆ ಹೊಸಬರು ಸೋತು ಹೋಗುತ್ತಾರೆ. ನಿಮ್ಮ ಅದೃಷ್ಟ, ನಿಮ್ಮ ರೈಲು ದಕ್ಷಿಣದ ತುದಿಗೇ ಬಂದು ನಿಲ್ಲುತ್ತದೆ. ನೋಡಲೇಬೇಕಾದ ಮುಕ್ಕಾಲು ಭಾಗ ಇರುವುದೂ ಆ ತುದಿಯಲ್ಲೇ. ಅಲ್ಲೇ ಉಳಿದುಬಿಡಿ.

ಹಾಗಾಗಿ ರೂಮು ಫೋರ್ಟ್, ಚರ್ಚ್‌ಗೇಟ್ ಅಥವಾ ಕೊಲಾಬಾದಲ್ಲೇ ಹಿಡಿಯಿರಿ. ಅಂಧೇರಿಯಲ್ಲೋ ನವಿ ಮುಂಬೈಯಲ್ಲೋ ಇದೇ ದುಡ್ಡಿಗೆ ದೊಡ್ಡ ರೂಮು ಸಿಗುತ್ತದೆ ಅಂತ ನೆಂಟರು ಹೇಳುತ್ತಾರೆ. ಸಿಗುತ್ತದೆ, ನಿಜ. ಆದರೆ ದಿನಕ್ಕೆ ಮೂರು ತಾಸು ಓಡಾಟಕ್ಕೇ ಹೋಗುತ್ತದೆ. ಮಧ್ಯಾಹ್ನ ಒಂದು ಗಂಟೆ ಮಲಗಿ ಎದ್ದು ಮತ್ತೆ ಹೊರಡುವುದು ಆಗುವುದೇ ಇಲ್ಲ. ಮೊಣಕಾಲು ನೋವಿರುವವರಿಗೆ ಆ ಒಂದು ಗಂಟೆ ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತು, ಅಲ್ವಾ? ಫೋರ್ಟ್‌ನ ರೂಮುಗಳು ಚಿಕ್ಕವು, ಹಳೆಯ ಕಟ್ಟಡಗಳು. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಲಿಫ್ಟ್ ಇದೆಯಾ? ಬೆಳಗ್ಗೆ ಬೇಗ ಬಂದರೆ ರೂಮು ಕೊಡುತ್ತೀರಾ? ಕೊಡುವುದಿಲ್ಲ ಅಂದರೂ ಚಿಂತೆ ಇಲ್ಲ. ಸಿಎಸ್‌ಎಂಟಿಯಲ್ಲೇ ಕ್ಲೋಕ್ ರೂಮ್ ಇದೆ. ಬ್ಯಾಗಿಗೆ ಬೀಗ ಇರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ.

ಶುಕ್ರವಾರ ಬೆಳಗ್ಗೆ ಏನನ್ನೂ ಇಟ್ಟುಕೊಳ್ಳಬೇಡಿ. ರಾತ್ರಿಯೆಲ್ಲ ರೈಲಿನಲ್ಲಿ ಬಂದಿರುತ್ತೀರಿ. ಸ್ನಾನ ಮಾಡಿ, ತಿಂಡಿ ತಿಂದು, ಸ್ವಲ್ಪ ಮಲಗಿ. ಹನ್ನೊಂದರ ಹೊತ್ತಿಗೆ ಮ್ಯೂಸಿಯಂಗೆ ಹೋಗಿ. ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅನ್ನುತ್ತಿದ್ದರು, ಈಗ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. 1922ರಲ್ಲಿ ತೆರೆದದ್ದು. ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ ಜಾರ್ಜ್ ವಿಟೆಟ್ ಅವರೇ ಇದರ ಶಿಲ್ಪಿ. ಒಳಗೆ ಹೋಗುವ ಮುಂಚೆ ತೋಟದಲ್ಲಿ ನಿಂತು ಮೇಲಿನ ಗುಮ್ಮಟ ನೋಡಿ. ವಿಜಯಪುರದ ಗೋಲಗುಮ್ಮಟವೇ ಇದಕ್ಕೆ ಮಾದರಿ ಎನ್ನುತ್ತಾರೆ. ಹಿಂದಿನ ದಿನ ನಿಮ್ಮ ರೈಲು ಅದೇ ಗುಮ್ಮಟದ ಊರನ್ನು ದಾಟಿ ಬಂದಿರುತ್ತದೆ.

ಮ್ಯೂಸಿಯಂ ಪೂರ್ತಿ ನೋಡಲು ಹೋಗಬೇಡಿ. ಕೆಳ ಅಂತಸ್ತಿನ ಶಿಲ್ಪಗಳ ಕೋಣೆ ಸಾಕು. ಅಲ್ಲಿ ಐಹೊಳೆಯ ಹುಚ್ಚಪ್ಪಯ್ಯ ಮಠದ ಛಾವಣಿಯಿಂದ ಬಂದ ಬ್ರಹ್ಮನ ದೊಡ್ಡ ಫಲಕವಿದೆ. ಐಹೊಳೆಗೆ ಶಾಲೆಯ ಮಕ್ಕಳನ್ನು ನೀವು ಎಷ್ಟು ಸಲ ಕರೆದುಕೊಂಡು ಹೋಗಿದ್ದೀರೋ ಏನೋ. ಆ ಊರಿನ ಗುಡಿಯ ನೆತ್ತಿಯ ಕಲ್ಲು ಇಲ್ಲಿ ಕಣ್ಣೆದುರಿಗೇ ನಿಂತಿದೆ. ಛಾವಣಿಯಲ್ಲಿದ್ದಾಗ ಕತ್ತು ನೋಯುವಷ್ಟು ಮೇಲೆ ನೋಡಬೇಕಿತ್ತು. ಇಲ್ಲಿ ಉಳಿಯ ಗುರುತನ್ನೂ ಎಣಿಸಬಹುದು. ನಮ್ಮ ಕಡೆಯವರು ಈ ಕಲ್ಲನ್ನು ದಾಟಿ ಮುಂದೆ ಹೋಗಿಬಿಟ್ಟರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಊಟ ಮಾಡಿ, ರೂಮಿಗೆ ಬಂದು ಕಾಲು ಚಾಚಿ. ಸಂಜೆ ಐದಕ್ಕೆ ಮರೀನ್ ಡ್ರೈವ್. ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆ ಸುಮಾರಿಗೆ ಮುಳುಗುತ್ತಾನೆ. ಚರ್ಚ್‌ಗೇಟ್ ಸ್ಟೇಷನ್ನಿನಿಂದ ವೀರ ನರಿಮನ್ ರಸ್ತೆಯಲ್ಲಿ ನೇರ ನಡೆದರೆ ಐದು ಹತ್ತು ನಿಮಿಷಕ್ಕೆ ಸಮುದ್ರ. ಸಮತಟ್ಟಾದ ಅಗಲ ಕಾಲುದಾರಿ, ಮೆಟ್ಟಿಲಿಲ್ಲ. ಉದ್ದಕ್ಕೂ ಕೂರಲು ಕಟ್ಟೆ ಇದೆ. ಎಲ್ಲರೂ ಬಲಕ್ಕೆ, ಚೌಪಾಟಿಯ ಕಡೆ ಹೋಗುತ್ತಾರೆ. ನೀವು ಎಡಕ್ಕೆ, ನರಿಮನ್ ಪಾಯಿಂಟ್ ಕಡೆ ಹೋಗಿ. ಗದ್ದಲ ಕಡಿಮೆ. ಅಲ್ಲಿಂದ ನೋಡಿದರೆ ಮೂರೂವರೆ ಕಿಲೋಮೀಟರಿನ ಆ ತಿರುವು ಪೂರ್ತಿ ಕಾಣುತ್ತದೆ. ಕತ್ತಲಾಗುತ್ತಿದ್ದಂತೆ ದೀಪ ಒಂದೊಂದೇ ಹತ್ತಿಕೊಳ್ಳುತ್ತವೆ. ಇದಕ್ಕೇ ರಾಣಿಯ ಹಾರ ಅಂತ ಹೆಸರು ಬಂದದ್ದು.

ಇಲ್ಲಿ ನನ್ನ ಒಂದು ಮಾತು ಕೇಳಿ. ಆ ಸಂಜೆ ಬೇರೆ ಏನೂ ಇಟ್ಟುಕೊಳ್ಳಬೇಡಿ. ಒಂದು ಎರಡು ತಾಸು ಸುಮ್ನೆ ಕಟ್ಟೆಯ ಮೇಲೆ ಕೂತಿರಿ. ಚಹಾದವನು ಸೈಕಲ್ಲಿನಲ್ಲಿ ಬರುತ್ತಾನೆ. ಶೇಂಗಾದವನು ಬರುತ್ತಾನೆ. ಮರೀನ್ ಡ್ರೈವಿನಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಊರಲ್ಲಿ ಗಂಡ ಹೆಂಡತಿ ಹೀಗೆ ಪಕ್ಕ ಪಕ್ಕ ಕೂತರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಇಲ್ಲಿ ಅರವತ್ತು ದಾಟಿದವರೂ ಕೈ ಹಿಡಿದು ಕೂತಿರುತ್ತಾರೆ. 21 ವರ್ಷ ಆದ ಮೇಲೆ ಇಬ್ಬರೇ ಹೊರಟಿದ್ದೀರಿ ಅಂತ ಬರೆದಿದ್ದೀರಲ್ಲ, ಅದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಈ ಕಟ್ಟೆಯೇ.

ಇನ್ನು ಶನಿವಾರ, ನಿಮ್ಮ ಎಲಿಫೆಂಟಾ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಬಾದಾಮಿಯ ಕಡೆಯವರು ನೋಡುವ ಎಲಿಫೆಂಟಾ ಬೇರೆಯೇ.

ದೋಣಿ ಹೊರಡುವುದು ಗೇಟ್‌ವೇ ಆಫ್ ಇಂಡಿಯಾದ ಹಿಂದಿನಿಂದ. ಮೊದಲ ದೋಣಿ ಒಂಬತ್ತರ ಸುಮಾರಿಗೆ. ಅದನ್ನೇ ಹಿಡಿಯಿರಿ. ಹನ್ನೊಂದರ ಮೇಲೆ ಶನಿವಾರದ ಜನ ತುಂಬಿಕೊಳ್ಳುತ್ತಾರೆ, ಬಿಸಿಲೂ ಏರುತ್ತದೆ. ಸೋಮವಾರ ಗುಹೆಗಳಿಗೆ ರಜೆ, ನಿಮಗೆ ಅದರ ತೊಂದರೆ ಇಲ್ಲ. ಸ್ವಲ್ಪ ಮುಂಚೆ ಹೋದರೆ ಗೇಟ್‌ವೇ ಕೂಡ ನೋಡಿದ ಹಾಗಾಯಿತು. ಅದಕ್ಕೆ ಬೇರೆ ಸಮಯ ಇಡಬೇಕಿಲ್ಲ. 1911ರಲ್ಲಿ ಬ್ರಿಟಿಷ್ ರಾಜ ಐದನೇ ಜಾರ್ಜ್ ಬಂದ ನೆನಪಿಗೆ ಕಟ್ಟಲು ಹೊರಟರು, ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೈನಿಕ ತುಕಡಿ ಇದೇ ಕಮಾನಿನಿಂದ ಹೊರಗೆ ಹೋಯಿತು. ಮಕ್ಕಳಿಗೆ ಪಾಠ ಹೇಳುವವರು ನೀವು, ಈ ಕೊನೆಯ ದಿನಾಂಕ ನಿಮಗೆ ಉಪಯೋಗಕ್ಕೆ ಬರುತ್ತದೆ. ಎದುರಿಗೇ ತಾಜ್ ಹೋಟೆಲ್, 1903ರದ್ದು. ಕೈಗೆ ಹೂವು, ಪ್ರಸಾದ ಕೊಟ್ಟು ಆಮೇಲೆ ದುಡ್ಡು ಕೇಳುವವರು ಅಲ್ಲಿ ಇರುತ್ತಾರೆ. ಕೈ ಚಾಚಬೇಡಿ, ನಡೆಯುತ್ತಾ ಇರಿ.

ದೋಣಿಯಲ್ಲಿ ಸುಮಾರು ಒಂದು ಗಂಟೆ. ಹತ್ತಿದ ಕೂಡಲೇ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. 2024ರ ಡಿಸೆಂಬರಿನಲ್ಲಿ ಈ ದಾರಿಯ ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟ್ ಬಡಿದು ಜನ ಸತ್ತಿದ್ದಾರೆ. ಸೆಕೆ ಅನ್ನಿಸಿದರೂ ಜಾಕೆಟ್ ತೆಗೆಯಬೇಡಿ, ಪಕ್ಕದವರು ಹಾಕದಿದ್ದರೂ ನೀವು ಹಾಕಿ. ಮೇಲಿನ ಅಟ್ಟಕ್ಕೆ ಸ್ವಲ್ಪ ಹೆಚ್ಚು ಹಣ ಕೇಳುತ್ತಾರೆ. ಏಣಿ ಕಡಿದು, ನಿಮ್ಮ ಮೊಣಕಾಲಿಗೆ ಬೇಡ. ಕೆಳಗೆ ಅಂಚಿನ ಸೀಟು ಹಿಡಿದರೆ ಸಾಕು. ಚಳಿಗಾಲದಲ್ಲಿ ಕಡಲ ಹಕ್ಕಿಗಳು ದೋಣಿಯ ಜೊತೆಗೇ ಹಾರಿ ಬರುತ್ತವೆ. ರೆಕ್ಕೆ ಕೈಗೆ ತಾಗುವುದೇನೋ ಅನ್ನುವಷ್ಟು ಹತ್ತಿರ.

ದ್ವೀಪದಲ್ಲಿ ದಕ್ಕೆಯಿಂದ ಮೆಟ್ಟಿಲ ಬುಡದ ತನಕ ಪುಟ್ಟ ರೈಲು ಇದೆ. ಅದನ್ನು ಹತ್ತಿ. ಅಲ್ಲಿಂದ ಸುಮಾರು 120 ಮೆಟ್ಟಿಲು. ಎರಡೂ ಬದಿಗೆ ಅಂಗಡಿಗಳು, ಮೇಲೆ ನೆರಳಿನ ಹೊದಿಕೆ. ಬಾದಾಮಿಯ ಗುಹೆಗಳ ಮೆಟ್ಟಿಲು ನೀವು ಹತ್ತುತ್ತೀರಿ ಅಂದರೆ ಇದೂ ಆಗುತ್ತದೆ, ಇಲ್ಲಿನ ಏರು ಅಷ್ಟು ಕಡಿದಲ್ಲ. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಲ್ಲಿ. ಆಗದಿದ್ದರೆ ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವವರು ಇದ್ದಾರೆ. ಹೋಗಲು ಬರಲು ಸೇರಿಸಿ ದರ ಮೊದಲೇ ಮಾತಾಡಿಕೊಳ್ಳಿ. ಕೈಯಲ್ಲಿ ತಿಂಡಿ, ಬಾಟಲಿ ಕಾಣುವ ಹಾಗೆ ಇಟ್ಟುಕೊಳ್ಳಬೇಡಿ. ಕೋತಿಗಳು ಕಸಿದುಕೊಳ್ಳುತ್ತವೆ.

ಒಳಗೆ ಹೋದ ಕೂಡಲೇ ಎಲ್ಲರೂ ನೇರ ದೊಡ್ಡ ಸದಾಶಿವನ ಮುಂದೆ ಹೋಗಿ ನಿಲ್ಲುತ್ತಾರೆ. ತ್ರಿಮೂರ್ತಿ ಅಂತ ಗೈಡುಗಳು ಹೇಳುತ್ತಾರೆ, ಬ್ರಹ್ಮ ವಿಷ್ಣು ಮಹೇಶ್ವರ ಅಂತ. ಹಾಗಲ್ಲ. ಮೂರು ಮುಖವೂ ಶಿವನದೇ. ಸುಮಾರು 20 ಅಡಿ ಎತ್ತರ. ನಡುವೆ ಶಾಂತ ಮುಖ. ನಿಮ್ಮ ಎಡಕ್ಕೆ ಮೀಸೆಯ ಉಗ್ರ ಮುಖ, ಅಘೋರ. ಬಲಕ್ಕೆ ಕೋಮಲವಾದ ಮುಖ, ವಾಮದೇವ, ಹೆಣ್ಣಿನ ಕಳೆ ಇರುವುದು. ಹತ್ತಿರ ಹೋಗಿ ಕೆಳಗಿನ ತುಟಿ ಗಮನಿಸಿ. ಒಂದೇ ಬಂಡೆಯ ಮೂರು ಮುಖಕ್ಕೆ ಮೂರು ತರಹದ ತುಟಿ.

ಆದರೆ ಗಂಡ ಹೆಂಡತಿಯಾಗಿ ಬಂದವರಿಗೆ ನಾನು ಯಾವಾಗಲೂ ಬೇರೆ ಮೂರು ಫಲಕ ತೋರಿಸುತ್ತೇನೆ. ಒಂದು, ಸದಾಶಿವನ ಪಕ್ಕದ ಅರ್ಧನಾರೀಶ್ವರ. ಬಾದಾಮಿಯ ಮೊದಲ ಗುಹೆಯಲ್ಲೂ ಅರ್ಧನಾರೀಶ್ವರ ಇದ್ದಾನೆ, ನೀವು ನೋಡಿರುತ್ತೀರಿ. ಅಲ್ಲಿನದು ಕೆಂಪು ಮರಳುಗಲ್ಲು, ಇಲ್ಲಿನದು ಕಪ್ಪು ಬಸಾಲ್ಟ್. ಎರಡನೆಯದು ಶಿವ ಪಾರ್ವತಿಯರ ಮದುವೆ. ಪಾರ್ವತಿಯ ತಲೆ ಸ್ವಲ್ಪವೇ ಬಾಗಿದೆ. ನಾಚಿಕೆ ಕಲ್ಲಿನಲ್ಲಿ ಹೀಗೆ ಬರುತ್ತದೆ ಅಂತ ನಾನು ಇದನ್ನು ನೋಡುವ ತನಕ ನಂಬಿರಲಿಲ್ಲ. ಕೈಕಾಲು ಬಹಳಷ್ಟು ಮುರಿದಿವೆ, ಆದರೂ ಆ ಕತ್ತಿನ ಬಾಗು ಉಳಿದಿದೆ. ಮೂರನೆಯದು ಪೂರ್ವದ ಕಡೆಯ ಫಲಕ. ಕೈಲಾಸದಲ್ಲಿ ಇಬ್ಬರೂ ಪಗಡೆ ಆಡಿದ್ದಾರೆ, ಪಾರ್ವತಿ ಮುನಿಸಿಕೊಂಡು ಮುಖ ತಿರುಗಿಸಿದ್ದಾಳೆ ಎಂದು ಅದನ್ನು ಓದುತ್ತಾರೆ. ಪಟ್ಟಿ ಮಾಡುವಾಗ ಮಾತಿಗೆ ಮಾತು ಬೆಳೆಯಿತು ಅಂದಿರಲ್ಲ. ಮನೆಯವರನ್ನು ಈ ಫಲಕದ ಮುಂದೆ ಒಂದು ಕ್ಷಣ ನಿಲ್ಲಿಸಿ.

ಇನ್ನೊಂದು ವಿಷಯ. ಈ ದ್ವೀಪದ ನಿಜವಾದ ಹೆಸರು ಘಾರಾಪುರಿ. ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ಕವಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಬರೆದಿದ್ದಾನೆ. ಕ್ರಿ.ಶ. 634ರದ್ದು. ಅದರಲ್ಲಿ ಪುಲಕೇಶಿ ಹಡಗುಗಳ ದೊಡ್ಡ ಪಡೆಯೊಂದಿಗೆ ಪಡುವಣ ಕಡಲಿನ ಪುರಿಯನ್ನು ಮುತ್ತಿದ ಮಾತು ಬರುತ್ತದೆ. ಆ ಪುರಿ ಇದೇ ಘಾರಾಪುರಿ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ದೋಣಿಯಲ್ಲಿ ಕೂತಾಗ ಇದನ್ನು ನೆನೆಸಿಕೊಳ್ಳಿ. ನಿಮ್ಮ ಜಿಲ್ಲೆಯ ಗುಡ್ಡದ ಮೇಲಿನ ಕಲ್ಲು ಹೇಳುವ ಊರಿಗೆ ನೀರಿನ ಮೇಲೆ ಹೋಗುತ್ತಿರುತ್ತೀರಿ.

ಎರಡು ಮೂರರ ಒಳಗೆ ವಾಪಸ್ ಬಂದುಬಿಡಿ. ಆಮೇಲಿನ ಹೊತ್ತು ಖಾಲಿ ಬಿಡಿ ಅಂತ ನನ್ನ ಸಲಹೆ. ನಿದ್ದೆ ಬಂದರೆ ಮಲಗಿ. ಏನಾದರೂ ಕೊಳ್ಳಬೇಕು ಅನ್ನಿಸಿದರೆ ಕೊಲಾಬಾ ಕಾಸ್‌ವೇ ಪಕ್ಕದಲ್ಲೇ ಇದೆ, ಅಲ್ಲಿ ಚೌಕಾಸಿ ಮಾಡಲೇಬೇಕು. ಹಿಂದಿನ ಸಂಜೆಯ ಕಟ್ಟೆ ಮತ್ತೆ ಬೇಕು ಅನ್ನಿಸಿದರೆ ಅಲ್ಲಿಗೇ ಹೋಗಿ. ನನ್ನ ಜೊತೆ ಬಂದ ಎಷ್ಟೋ ಜನ ಎರಡನೇ ಸಂಜೆಯೂ ಅದನ್ನೇ ಕೇಳಿದ್ದಾರೆ.

ಭಾನುವಾರಕ್ಕೆ ಬರೋಣ. ಫೋರ್ಟ್ ಪ್ರದೇಶ ಆಫೀಸುಗಳ ಊರು. ವಾರದ ದಿನ ಕಾಲಿಡಲು ಜಾಗ ಇರುವುದಿಲ್ಲ. ಭಾನುವಾರ ಬೆಳಗ್ಗೆ ರಸ್ತೆಗಳು ಖಾಲಿ. ಅದಕ್ಕೇ ಕಟ್ಟಡಗಳನ್ನು ನೋಡುವುದನ್ನು ಭಾನುವಾರಕ್ಕೆ ಇಟ್ಟಿದ್ದೇನೆ. ಏಳೂವರೆಗೆ ಹೊರಟು ಸಿಎಸ್‌ಎಂಟಿಯ ಎದುರು ಬನ್ನಿ. ಬಂದಿಳಿದ ದಿನ ಅದರ ಹೊಟ್ಟೆಯೊಳಗಿಂದ ಹೊರಬಂದಿರುತ್ತೀರಿ, ಮುಖ ನೋಡಿರುವುದಿಲ್ಲ. 1878ರಲ್ಲಿ ಶುರುವಾಗಿ 1888ರಲ್ಲಿ ಮುಗಿದದ್ದು, ಕಟ್ಟಿದವರು ಎಫ್. ಡಬ್ಲ್ಯು. ಸ್ಟೀವನ್ಸ್. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೇಟಿನ ಎರಡು ಕಂಬದ ಮೇಲೆ ಎರಡು ಪ್ರಾಣಿ ಕೂತಿವೆ, ಒಂದು ಸಿಂಹ, ಒಂದು ಹುಲಿ. ಸಿಂಹ ಬ್ರಿಟನ್, ಹುಲಿ ಭಾರತ. ಮೇಲೆ ಗೋಡೆಯಲ್ಲಿ ನವಿಲು, ಕೋತಿ, ಎಲೆ ಬಳ್ಳಿ ಎಲ್ಲ ಇವೆ. ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯೂ ಅದರಲ್ಲಿದೆ. ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯಲ್ಲಿ ಕಮಾನುಗಳ ಕೆಳಗೆ ನಿಧಾನ ನಡೆದು ಫ್ಲೋರಾ ಫೌಂಟನ್ ತನಕ ಹೋಗಿ. ಕಾಲು ನೋಯದಿದ್ದರೆ ಮುಂದೆ ಓವಲ್ ಮೈದಾನದ ಅಂಚಿಗೆ. ಅಲ್ಲಿ ಕಾಣುವ ಎತ್ತರದ ಗೋಪುರ ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಆ ಕಾಲದಲ್ಲಿ ಡಿಗ್ರಿ ಮಾಡಿದ್ದರೆ ಸರ್ಟಿಫಿಕೇಟು ತೆಗೆದು ನೋಡಿ. 1949ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಶುರುವಾಗುವ ತನಕ ನಮ್ಮ ಕಡೆಯ ಕಾಲೇಜುಗಳ ಪದವಿ ಇಲ್ಲಿಂದಲೇ ಬರುತ್ತಿತ್ತು. 1956ರ ತನಕ ಬಾಗಲಕೋಟೆ ಮುಂಬೈ ರಾಜ್ಯದಲ್ಲೇ ಇತ್ತು.

ಈಗ ಲೋಕಲ್ ರೈಲಿನ ಭಯ. ಲೋಕಲ್ ಹತ್ತದೆ ಮುಂಬೈ ನೋಡಿದ ಹಾಗಾಗುವುದಿಲ್ಲ. ಒಂದು ಸಲ ಹತ್ತಿ, ಅದೂ ಭಾನುವಾರ. ವಾರದ ದಿನ ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು, ಈ ಹೊತ್ತಿನಲ್ಲಿ ಸ್ಟೇಷನ್ ಕಡೆ ಸುಳಿಯಲೇಬೇಡಿ. ಭಾನುವಾರಕ್ಕೂ ಒಂದು ತೊಂದರೆ ಇದೆ. ಹಳಿ ರಿಪೇರಿಗೆ ಕೆಲವು ರೈಲು ನಿಲ್ಲಿಸಿ ಮೆಗಾಬ್ಲಾಕ್ ಅಂತ ಮಾಡುತ್ತಾರೆ, ಹೆಚ್ಚಾಗಿ ಹನ್ನೊಂದರಿಂದ ಮೇಲೆ. ಹಿಂದಿನ ದಿನವೇ ಹೋಟೆಲಿನವರನ್ನು ಕೇಳಿಕೊಳ್ಳಿ, ಮತ್ತು ಬೆಳಗ್ಗೆ ಒಂಬತ್ತೂವರೆಯ ಒಳಗೆ ಹೊರಡಿ. ರೂಮು ಬಿಟ್ಟು ಬ್ಯಾಗು ಹೋಟೆಲಿನಲ್ಲೇ ಇಟ್ಟು ಹೋಗಬಹುದು.

ಸಿಎಸ್‌ಎಂಟಿಯಿಂದ ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಹತ್ತಿ ಉಡುಪಿ ಹೋಟೆಲುಗಳಿರುವ ಮಾತುಂಗಾದಲ್ಲಿ ಇಳಿಯಿರಿ. ಫಾಸ್ಟ್ ಹತ್ತಬೇಡಿ, ಅದು ಮಾತುಂಗಾದಲ್ಲಿ ನಿಲ್ಲುವುದಿಲ್ಲ. ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಬೈಕಲಾ, ಚಿಂಚ್‌ಪೋಕ್ಲಿ, ಕರಿ ರೋಡ್, ಪರೇಲ್, ದಾದರ್, ಆಮೇಲೆ ನಿಮ್ಮದು. ದಾದರ್ ಬಂದ ಕೂಡಲೇ ಎದ್ದು ಬಾಗಿಲ ಹತ್ತಿರ ನಿಲ್ಲಿ. ಸಿಎಸ್‌ಎಂಟಿಯಲ್ಲೇ ರೈಲು ಶುರುವಾಗುವುದರಿಂದ ಸೀಟು ಸಿಗುತ್ತದೆ. ನೀವು ಹೆಂಗಸರ ಡಬ್ಬಿಗೆ ಹೋಗಬೇಕಿಲ್ಲ, ಭಾನುವಾರ ಬೆಳಗ್ಗೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಕೂರಬಹುದು.

ಆದರೂ ಹತ್ತುವ ಮುಂಚೆ ಇಬ್ಬರೂ ಒಂದು ಮಾತು ಮಾಡಿಕೊಳ್ಳಿ. ವರ್ಷಗಳ ಹಿಂದೆ ನನ್ನ ಅಕ್ಕ, ಭಾವ ಬಂದಿದ್ದರು. ಸಂಜೆ ಹೊತ್ತು ದಾದರ್‌ನಲ್ಲಿ ಲೋಕಲ್ ಹತ್ತುವಾಗ ಜನರ ನೂಕಿಗೆ ಅಕ್ಕ ಒಳಗೆ ಹೋದಳು, ಭಾವ ಪ್ಲಾಟ್‌ಫಾರ್ಮಿನಲ್ಲೇ ಉಳಿದರು. ಅಕ್ಕನ ಹತ್ತಿರ ಫೋನ್ ಇರಲಿಲ್ಲ, ಎಲ್ಲಿ ಇಳಿಯಬೇಕೋ ಗೊತ್ತಿರಲಿಲ್ಲ. ಎರಡು ತಾಸು ಹುಡುಕಿದೆವು. ಆ ಹೊತ್ತಿನಲ್ಲಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನನ್ನ ತಪ್ಪು. ಅಂದಿನಿಂದ ಬಂದವರಿಗೆಲ್ಲ ಇದನ್ನು ಹೇಳುತ್ತೇನೆ. ಬೇರೆಯಾದರೆ ರೈಲಿನಲ್ಲಿ ಇರುವವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕು. ಉಳಿದವರು ಮುಂದಿನ ರೈಲಿನಲ್ಲಿ ಅಲ್ಲಿಗೆ ಬರಬೇಕು. ಯಾರೂ ಓಡುವ ರೈಲಿನ ಹಿಂದೆ ಓಡಬಾರದು. ಫೋನ್ ಮತ್ತು ಸ್ವಲ್ಪ ದುಡ್ಡು ಇಬ್ಬರ ಹತ್ತಿರವೂ ಬೇರೆ ಬೇರೆ ಇರಲಿ.

ಮಾತುಂಗಾ ಇಟ್ಟದ್ದು ನಿಮ್ಮ ಮನೆಯವರಿಗಾಗಿ. ನಟರ ಮನೆಗಳ ಬದಲಿಗೆ ನಾನು ಕೊಡುವುದು ಇದನ್ನೇ. ಸ್ಟೇಷನ್ನಿನಿಂದ ಹೊರಬಂದರೆ ಕಾಫಿ, ಸಾಂಬಾರಿನ ವಾಸನೆ, ಮಲ್ಲಿಗೆಯ ಮಾಲೆ ಕಟ್ಟುವವರು. ಉಡುಪಿ ಕಡೆಯಿಂದ ಬಂದವರು ಇಲ್ಲಿ ಕಟ್ಟಿದ ಹೋಟೆಲುಗಳನ್ನು ಮೂರು ತಲೆಮಾರಿನಿಂದ ಇಡೀ ಮುಂಬೈ ಹುಡುಕಿಕೊಂಡು ಬರುತ್ತಿದೆ. ಕೆಫೆ ಮದ್ರಾಸ್, ರಾಮ್ ಆಶ್ರಯ ತಿಂಡಿಗೆ. ಭಾನುವಾರ ಎರಡರ ಮುಂದೆಯೂ ಸಾಲು ಇರುತ್ತದೆ. ಹೆಸರು ಬರೆಸಿ ನಿಂತರೆ ಆಯಿತು, ಸಾಲು ಬೇಗ ಸಾಗುತ್ತದೆ. ರಾಮ್ ಆಶ್ರಯದ ಅನಾನಸ್ ಶಿರಾ ಒಂದೇ ಪ್ಲೇಟು ಹೇಳಿ ಇಬ್ಬರೂ ತಿನ್ನಿ, ಯಾಕೆಂದರೆ ಮಧ್ಯಾಹ್ನಕ್ಕೆ ಹೊಟ್ಟೆಯಲ್ಲಿ ಜಾಗ ಬೇಕು.

ಮಧ್ಯಾಹ್ನದ ಊಟ ರಾಮಾ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್. 1942ರಿಂದ ಇದೆ. ಸ್ಟೇಷನ್ ಹತ್ತಿರದ ಮಾರ್ಕೆಟ್ ಕಟ್ಟಡದ ಮೊದಲ ಮಹಡಿ, ಮೆಟ್ಟಿಲು ಒಂದಷ್ಟು ಹತ್ತಬೇಕು. ಮೊದಲು ದುಡ್ಡು ಕೊಟ್ಟು ಚೀಟಿ ತೆಗೆದುಕೊಳ್ಳಬೇಕು. ಬಾಳೆ ಎಲೆ ಊಟ ಹೇಳಿ. ಎಲೆ ಹಾಕಿ, ಪಲ್ಯ, ಕೋಸಂಬರಿ, ಸಾರು ಅಂತ ಬಡಿಸುತ್ತಾ ಹೋಗುತ್ತಾರೆ, ಕೇಳಿದಷ್ಟು ಹಾಕುತ್ತಾರೆ. ಬಡಿಸುವವರ ಜೊತೆ ಕನ್ನಡದಲ್ಲೇ ಮಾತಾಡಿ ನೋಡಿ. ಮುಂಬೈಯಲ್ಲಿ ಯಾರ ಹತ್ತಿರ ಕನ್ನಡ ಮಾತಾಡಬಹುದು ಅಂತ ನಿಮ್ಮ ಮನೆಯವರಿಗೆ ಒಂದು ಸಂಕೋಚ ಇದ್ದರೆ ಅದು ಇಲ್ಲಿ ಕಳೆಯುತ್ತದೆ. ಇಲ್ಲೇ ಮೈಸೂರು ಅಸೋಸಿಯೇಷನ್ ಇದೆ, 1926ರದ್ದು. ನಾಟಕವೋ ಸಂಗೀತವೋ ಇದ್ದರೆ ಬಾಗಿಲು ತೆರೆದಿರುತ್ತದೆ. ಇನ್ನೊಂದು ಸಂಗತಿ ನಿಮಗೆ ಹಿಡಿಸಬಹುದು. ನೀವು ಇಳಿದ ಮಾತುಂಗಾ ಸ್ಟೇಷನ್ 2017ರಿಂದ ಪೂರ್ತಿ ಹೆಂಗಸರೇ ನಡೆಸುತ್ತಿರುವ ಸ್ಟೇಷನ್.

ಊಟದ ವಿಷಯ ಬಂತಲ್ಲ, ಉಳಿದ ಎರಡು ದಿನಕ್ಕೂ ತೊಂದರೆ ಇಲ್ಲ. ಫೋರ್ಟ್‌ನಲ್ಲಿ ಉಡುಪಿ ಹೋಟೆಲುಗಳು ಬೇಕಾದಷ್ಟಿವೆ. ಜೋಳದ ರೊಟ್ಟಿ ನೆನಪಾದರೆ ಮರಾಠಿ ಊಟದ ಹೋಟೆಲಿನಲ್ಲಿ ಝುಣಕಾ ಭಾಕರಿ ಕೇಳಿ. ನಮ್ಮ ಝುಣಕವೇ, ಖಾರ ಸ್ವಲ್ಪ ಬೇರೆ. ಒಂದು ಬೆಳಗ್ಗೆ ಮರೀನ್ ಲೈನ್ಸ್ ಹತ್ತಿರದ ಕಯಾನಿಗೆ ಹೋಗಿ ಇರಾನಿ ಚಹಾ, ಬನ್ ಮಸ್ಕಾ (ಬೆಣ್ಣೆ ಹಚ್ಚಿದ ಬನ್) ತೆಗೆದುಕೊಳ್ಳಿ. 1904ರ ಹೋಟೆಲು, ಮರದ ಕುರ್ಚಿ, ಎತ್ತರದ ಛಾವಣಿ. ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುವುದು ಅಲ್ಲಿನ ಪದ್ಧತಿ. ವಡಾ ಪಾವ್ ಎಲ್ಲಿ ತಿಂದರೂ ನಡೆಯುತ್ತದೆ, ಎಣ್ಣೆಯಿಂದ ಆಗ ತಾನೆ ತೆಗೆದದ್ದು ಆಗಿರಬೇಕು ಅಷ್ಟೇ.

ಮಾತುಂಗಾದಿಂದ ಟ್ಯಾಕ್ಸಿ ಹಿಡಿದು ಸ್ವಲ್ಪ ದೂರದ ಪ್ರಭಾದೇವಿಗೆ ಹೋದರೆ ಸಿದ್ಧಿವಿನಾಯಕ. ಮಂಗಳವಾರದಷ್ಟು ಅಲ್ಲದಿದ್ದರೂ ಭಾನುವಾರ ಜನ ಇರುತ್ತಾರೆ, ಒಂದೆರಡು ತಾಸು ಹಿಡಿದುಕೊಳ್ಳಿ. ನೀವು ಎಲಿಫೆಂಟಾಗೆ ಅವರನ್ನು ಕರೆದುಕೊಂಡು ಹೋಗಿರುತ್ತೀರಿ, ಈ ಸಾಲಿನಲ್ಲಿ ಅವರಿಗಾಗಿ ನಿಲ್ಲಿ. ವಾಪಸ್ ಬರಲು ಲೋಕಲ್ ಬೇಡ. ನೆಲದಡಿಯ ಮೆಟ್ರೋ 2025ರ ಅಕ್ಟೋಬರಿನಿಂದ ಕಫ್ ಪರೇಡ್ ತನಕ ಪೂರ್ತಿ ಓಡುತ್ತಿದೆ. ಸಿದ್ಧಿವಿನಾಯಕ ಅಂತಲೇ ಸ್ಟೇಷನ್ ಇದೆ, ಸಿಎಸ್‌ಎಂಟಿಯಲ್ಲೂ ಇದೆ. ಲಿಫ್ಟ್, ಎಸ್ಕಲೇಟರ್ ಎಲ್ಲ ಇರುವುದರಿಂದ ಮೊಣಕಾಲಿಗೆ ಇದಕ್ಕಿಂತ ಸುಖ ಇಲ್ಲ. ಉಳಿದ ಓಡಾಟಕ್ಕೆಲ್ಲ ಕಪ್ಪು ಹಳದಿ ಟ್ಯಾಕ್ಸಿ. ದಕ್ಷಿಣ ಮುಂಬೈಯಲ್ಲಿ ಆಟೋ ಇಲ್ಲ, ಹುಡುಕಬೇಡಿ. ಟ್ಯಾಕ್ಸಿಯ ಕನಿಷ್ಠ ದರ 2025ರ ಫೆಬ್ರವರಿಯಲ್ಲಿ 31 ರೂಪಾಯಿ ಆಯಿತು. ಮೀಟರ್ ಹಾಕಿ ಅಂತ ಹತ್ತುವ ಮುಂಚೆಯೇ ಹೇಳಿ.

ರೈಲು ರಾತ್ರಿ. ಸಂಜೆ ಏಳರ ಒಳಗೆ ಹೋಟೆಲಿಗೆ ಬಂದು ಬ್ಯಾಗು ತೆಗೆದುಕೊಂಡರೆ ಆತುರ ಇರುವುದಿಲ್ಲ. ಕತ್ತಲಾದ ಮೇಲೆ ಸಿಎಸ್‌ಎಂಟಿಗೆ ದೀಪ ಹಾಕಿರುತ್ತಾರೆ. ಒಳಗೆ ಹೋಗುವ ಮುಂಚೆ ಎದುರಿನ ಫುಟ್‌ಪಾತಿನಲ್ಲಿ ಎರಡು ನಿಮಿಷ ನಿಂತು, ಬೆಳಗ್ಗೆ ನೋಡಿದ ಸಿಂಹ ಹುಲಿ ಮತ್ತೊಮ್ಮೆ ನೋಡಿ.

ಕೊನೆಗೆ ಮಗಳ ವಿಷಯ. ಈ ಸಲ ಬೇಡ. ಅವಳು ಬಂದರೆ ನೀವು ಮತ್ತೆ ತಾಯಿ ತಂದೆ ಆಗಿಬಿಡುತ್ತೀರಿ. ಅವಳಿಗೆ ನೀರು ಬೇಕಾ, ಹಸಿವಾಯಿತಾ, ಫೋನ್ ನೋಡಿದ್ದು ಸಾಕು, ಇದರಲ್ಲೇ ದಿನ ಮುಗಿಯುತ್ತದೆ. ಅವಳಿಗೂ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಎರಡು ತಾಸು ಸುಮ್ನೆ ಕೂರುವುದು ಬೇಜಾರು. ಅಜ್ಜಿಯ ಹತ್ತಿರ ಬಿಟ್ಟು ಬನ್ನಿ. ಪಿಯುಸಿ ಮುಗಿದ ಮೇಲೆ ಅವಳಿಗೇ ಅಂತ ಒಂದು ಸಲ ಬನ್ನಿ, ಆದರೆ ಜೂನಿನಿಂದ ಸೆಪ್ಟೆಂಬರ್ ಬಿಟ್ಟು, ಯಾಕೆಂದರೆ ಮಳೆಗಾಲದಲ್ಲಿ ಎಲಿಫೆಂಟಾ ದೋಣಿಗಳು ನಿಲ್ಲುವುದುಂಟು. ಈಗ ಅವಳಿಗೆ ಕೊಲಾಬಾದಿಂದ ಒಂದು ಜೊತೆ ಓಲೆ ತೆಗೆದುಕೊಂಡು ಹೋಗಿ. ಅವು ಅವಳಿಗೆ ಇಷ್ಟ ಆಗುತ್ತವೋ ಇಲ್ಲವೋ ಅನ್ನುವುದನ್ನು ಮನೆಯವರನ್ನೇ ಕೇಳಿ ಆರಿಸಿ.